ಹತ್ತರಿಂದ ಐದಕ್ಕೆ: ಟೆಕ್ಸಾಸ್ ವಿಶ್ವವಿದ್ಯಾಲಯದ ಸೀಟು ಯಾರದು?

ಅಮೆರಿಕದ ದಕ್ಷಿಣ ಭಾಗದ ದೊಡ್ಡ ರಾಜ್ಯವಾದ ಟೆಕ್ಸಾಸ್‌ನಲ್ಲಿ ಹೈಸ್ಕೂಲು ಮುಗಿಸುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಅಂಕಿಯದೇ ಮಾತು. ಆ ಅಂಕಿ ಐದು. ರಾಜಧಾನಿ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ 2026ರ ಶರತ್ಕಾಲದಲ್ಲಿ ಸೇರಬಯಸುವ ರಾಜ್ಯದ ವಿದ್ಯಾರ್ಥಿಯು ತನ್ನ ಶಾಲೆಯ ಬ್ಯಾಚಿನಲ್ಲಿ ಮೊದಲ ಶೇ. 5ರೊಳಗೆ ಇದ್ದರೆ ಮಾತ್ರ ಪ್ರವೇಶ ಖಚಿತ. ಅದಕ್ಕೂ ಹಿಂದಿನ ಏಳು ವರ್ಷ ಈ ಮಿತಿ ಶೇ. 6 ಇತ್ತು. 1997ರಲ್ಲಿ ಕಾನೂನು ರೂಪುಗೊಂಡಾಗ ಅದು ಶೇ. 10 ಆಗಿತ್ತು. ನೂರು ಮಕ್ಕಳ ಬ್ಯಾಚಿನಲ್ಲಿ ಹಿಂದೆ ಹತ್ತು ಮಂದಿಗೆ ತೆರೆದಿದ್ದ ಬಾಗಿಲು ಈಗ ಐವರಿಗೆ ಮಾತ್ರ.

2024ರ ಸೆಪ್ಟೆಂಬರ್‌ನಲ್ಲಿ ವಿಶ್ವವಿದ್ಯಾಲಯ ಈ ನಿರ್ಧಾರ ಪ್ರಕಟಿಸಿದಾಗ ಅದು ನೀಡಿದ ಕಾರಣ ಸರಳವಾದುದು: ಅರ್ಜಿಗಳ ಪ್ರವಾಹ. 2025ರ ಪ್ರವೇಶಕ್ಕೆ ಬಂದ ಅರ್ಜಿಗಳು 90 ಸಾವಿರಕ್ಕೂ ಹೆಚ್ಚು. ಪದವಿಯ ಮೊದಲ ವರ್ಷಕ್ಕೆ ಸೇರುವವರು ಒಂಬತ್ತು ಸಾವಿರದ ಆಸುಪಾಸು. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಲೆಕ್ಕ ಸರಿಯಾಗಿರುವುದೂ ಹಂಚಿಕೆ ಸರಿಯಾಗಿರುವುದೂ ಬೇರೆ ಬೇರೆ ವಿಷಯಗಳು. ಅಲ್ಲಿನ ಸಾರ್ವಜನಿಕ ಚರ್ಚೆ ಶೇಕಡಾವಾರಿನ ಸುತ್ತಲೇ ಸುತ್ತುತ್ತಿದ್ದು, ಒಳಗೆ ಹೋದ ವಿದ್ಯಾರ್ಥಿಯ ಗತಿಯೇನು ಎಂಬುದರ ಕಡೆಗೆ ಅಷ್ಟಾಗಿ ಗಮನ ಹರಿದಿಲ್ಲ.

ಕನ್ನಡಿಗರಿಗೆ ಈ ವಿಶ್ವವಿದ್ಯಾಲಯ ತೀರಾ ಅಪರಿಚಿತವೇನಲ್ಲ. ಹಾಸನದಲ್ಲಿ ಹುಟ್ಟಿದ 'ಕಾಂತಾಪುರ'ದ ಕರ್ತೃ ರಾಜಾ ರಾವ್ 1966ರಿಂದ ಹಲವು ವರ್ಷ ಇಲ್ಲಿ ತತ್ತ್ವಶಾಸ್ತ್ರ ಬೋಧಿಸಿದರು. 2006ರಲ್ಲಿ ಅವರು ಕೊನೆಯುಸಿರೆಳೆದುದೂ ಆಸ್ಟಿನ್‌ನಲ್ಲೇ. ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ದಶಕಗಳ ಕಾಲ ಇಲ್ಲಿ ಪ್ರಾಧ್ಯಾಪಕರಾಗಿದ್ದರು. ಈಗಿನ ನಂಟು ಇನ್ನೂ ಲೌಕಿಕವಾದುದು. ಡಲ್ಲಾಸ್, ಹ್ಯೂಸ್ಟನ್ ಮತ್ತು ಆಸ್ಟಿನ್ ಸುತ್ತಣ ಬಡಾವಣೆಗಳಲ್ಲಿ ನೆಲೆಸಿರುವ ಸಾಫ್ಟ್‌ವೇರ್ ಉದ್ಯೋಗಿಗಳ ಕುಟುಂಬಗಳಲ್ಲಿ ಕರ್ನಾಟಕದವರೂ ಗಣನೀಯವಾಗಿದ್ದು, ಅವರ ಮಕ್ಕಳು ಓದುವ ಶಾಲೆಗಳಲ್ಲಿಯೇ ಈ ಐದರ ಪೈಪೋಟಿ ಅತ್ಯಂತ ತೀವ್ರವಾಗಿದೆ.

ಎಣ್ಣೆಯ ಹಣ, ಜನರ ಹಕ್ಕು

ಈ ಸೀಟಿಗೆ ಇಷ್ಟು ಬೆಲೆ ಏಕೆ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1883ರಲ್ಲಿ ಬಾಗಿಲು ತೆರೆದ ಈ ವಿಶ್ವವಿದ್ಯಾಲಯಕ್ಕೆ ರಾಜ್ಯವು ಪಶ್ಚಿಮ ಟೆಕ್ಸಾಸ್‌ನಲ್ಲಿ ಕೊಟ್ಟ ಜಮೀನು ಸುಮಾರು 21 ಲಕ್ಷ ಎಕರೆ. ಕುರುಚಲು ಗಿಡವಷ್ಟೇ ಬೆಳೆಯುವ ಒಣ ನೆಲ. ದನ ಮೇಯಿಸಲು ಗುತ್ತಿಗೆಗೆ ಕೊಡುವುದಕ್ಕಿಂತ ಹೆಚ್ಚಿನ ಉಪಯೋಗ ಅದರಿಂದ ಯಾರೂ ನಿರೀಕ್ಷಿಸಿರಲಿಲ್ಲ. 1923ರ ಮೇ ತಿಂಗಳಲ್ಲಿ 'ಸಾಂತಾ ರೀಟಾ' ಎಂಬ ಬಾವಿಯಲ್ಲಿ ಎಣ್ಣೆ ಚಿಮ್ಮಿತು. ಅಲ್ಲಿಂದ ಈ ವಿಶ್ವವಿದ್ಯಾಲಯದ ಅದೃಷ್ಟವೇ ತಿರುಗಿತು. ಆ ಬಾವಿಯ ಹಳೆಯ ಯಂತ್ರವನ್ನು ಇಂದಿಗೂ ಕ್ಯಾಂಪಸ್ಸಿನ ಅಂಚಿನಲ್ಲಿ ಸ್ಮಾರಕದಂತೆ ನಿಲ್ಲಿಸಲಾಗಿದೆ. ಭೂಮಿಯ ಆದಾಯದಿಂದ ಬೆಳೆದ ಶಾಶ್ವತ ನಿಧಿಯ ಪಾಲಿನಲ್ಲಿ ಮೂರನೆಯ ಎರಡು ಭಾಗ ಟೆಕ್ಸಾಸ್ ವಿಶ್ವವಿದ್ಯಾಲಯ ವ್ಯವಸ್ಥೆಗೆ, ಉಳಿದ ಭಾಗ ಮತ್ತೊಂದು ಸರ್ಕಾರಿ ವಿಶ್ವವಿದ್ಯಾಲಯವಾದ ಟೆಕ್ಸಾಸ್ ಎ ಆಂಡ್ ಎಂ ವ್ಯವಸ್ಥೆಗೆ ಸಲ್ಲುತ್ತದೆ.

ಹೀಗಿರುವಾಗ, ಇಡೀ ರಾಜ್ಯದ ಆಸ್ತಿಯಿಂದ ಬೆಳೆದ ಸಂಸ್ಥೆಯಲ್ಲಿ ಇಡೀ ರಾಜ್ಯದ ಮಕ್ಕಳಿಗೂ ಜಾಗವಿರಬೇಕು ಎಂಬ ವಾದಕ್ಕೆ ಬಲ ಬರುವುದು ಸಹಜ. ವಾಸ್ತವ ಹಾಗಿರಲಿಲ್ಲ. ಹೆಮನ್ ಸ್ವೆಟ್ ಎಂಬ ಕಪ್ಪು ಯುವಕ 1946ರಲ್ಲಿ ಇಲ್ಲಿನ ಕಾನೂನು ಶಾಲೆಗೆ ಅರ್ಜಿ ಹಾಕಿದಾಗ ಆತನ ವರ್ಣವೊಂದೇ ಕಾರಣವಾಗಿ ಬಾಗಿಲು ಮುಚ್ಚಲಾಯಿತು. 1950ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ ಮೇಲೆ ಅದು ತೆರೆಯಿತು. ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳು ಬಂದದ್ದು 1956ರಲ್ಲಿ. ಮುಂದಿನ ದಶಕಗಳಲ್ಲಿ ವರ್ಣವನ್ನೂ ಪರಿಗಣಿಸಿ ಪ್ರವೇಶ ನೀಡುವ ಪದ್ಧತಿ ಬಂದರೂ 1996ರಲ್ಲಿ ಹಾಪ್‌ವುಡ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಯಿತು.

ಆಗ ಹುಟ್ಟಿದ್ದೇ ಶೇ. 10ರ ಕಾನೂನು. ಶಾಸಕಿ ಇರ್ಮಾ ರಾಂಗೆಲ್ ಮುಂದಿಟ್ಟ ಮಸೂದೆಗೆ ಅಂದಿನ ರಾಜ್ಯಪಾಲ ಜಾರ್ಜ್ ಡಬ್ಲ್ಯು. ಬುಷ್ 1997ರಲ್ಲಿ ಅಂಕಿತ ಹಾಕಿದರು. ಇದರ ರಾಜಕೀಯ ಕುತೂಹಲಕರವಾದುದು. ದಕ್ಷಿಣ ಟೆಕ್ಸಾಸ್‌ನ ಮೆಕ್ಸಿಕನ್ ಮೂಲದ ಪ್ರತಿನಿಧಿಗಳು ಮತ್ತು ನಗರಗಳ ಕಪ್ಪು ಪ್ರತಿನಿಧಿಗಳ ಜೊತೆಗೆ ಗ್ರಾಮೀಣ ಪ್ರದೇಶದ ಬಿಳಿಯ ಸಂಪ್ರದಾಯವಾದಿ ಶಾಸಕರೂ ಕೈಜೋಡಿಸಿದರು. ತಮ್ಮ ಊರಿನ ಮಕ್ಕಳೂ ಆಸ್ಟಿನ್ ತಲುಪುತ್ತಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಹೈಸ್ಕೂಲುಗಳಿದ್ದರೂ ದೊಡ್ಡ ನಗರಗಳ ಸುತ್ತಣ ಕೆಲವೇ ಹತ್ತಾರು ಶಾಲೆಗಳು ಪ್ರವೇಶದಲ್ಲಿ ಸಿಂಹಪಾಲು ಪಡೆಯುತ್ತಿದ್ದವು. ಕಾನೂನು ಜಾತಿ-ವರ್ಣಗಳ ಹೆಸರೆತ್ತಲಿಲ್ಲ. ಪ್ರತಿ ಶಾಲೆಯ ಮೊದಲ ಹತ್ತನೆಯ ಒಂದು ಭಾಗಕ್ಕೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹಕ್ಕು ಎಂದಷ್ಟೇ ಹೇಳಿತು. ಗಡಿಯ ನದೀ ಕಣಿವೆಯ ಬಡ ಶಾಲೆಯಾಗಲಿ, ಡಲ್ಲಾಸ್‌ನ ಸಿರಿವಂತ ಬಡಾವಣೆಯ ಶಾಲೆಯಾಗಲಿ, ಅಳತೆಗೋಲು ಒಂದೇ.

ಪ್ರತಿಭೆಗೆ ಅನ್ಯಾಯವಾಯಿತೆಂಬ ಕೂಗು ಬಡಾವಣೆಗಳಿಂದ ಎದ್ದಿತು. ಕಠಿಣ ಪೈಪೋಟಿಯ ಶಾಲೆಯಲ್ಲಿ ಹನ್ನೆರಡನೆಯ ಶತಾಂಶದಲ್ಲಿರುವ ಮಗು ಸಣ್ಣ ಊರಿನ ಮೊದಲಿಗನಿಗಿಂತ ಜಾಣನಿರಬಹುದಲ್ಲವೇ ಎಂಬುದು ಆ ವಾದದ ಸಾರ. ಇದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೆ ಕಾನೂನಿನ ಮೊದಲ ವರ್ಷಗಳಲ್ಲಿ ವಿಶ್ವವಿದ್ಯಾಲಯವೇ ಪ್ರಕಟಿಸಿದ ವರದಿಗಳ ಪ್ರಕಾರ, ಈ ದಾರಿಯಿಂದ ಬಂದವರು ತಮಗಿಂತ ಹೆಚ್ಚಿನ ಪ್ರವೇಶ ಪರೀಕ್ಷೆಯ ಅಂಕ ಹೊಂದಿದ್ದ ಇತರರಿಗೆ ತರಗತಿಯಲ್ಲಿ ಸರಿಸಮನಾಗಿ ನಿಂತಿದ್ದರು. ನಾಲ್ಕು ವರ್ಷ ಬಿಡದೆ ಓದಿ ಶಾಲೆಗೆ ಮೊದಲಿಗರಾದವರಲ್ಲಿ, ಒಂದು ಶನಿವಾರ ಬೆಳಗಿನ ಪರೀಕ್ಷೆ ಅಳೆಯಲಾಗದ ಶ್ರದ್ಧೆಯೊಂದು ಇರುತ್ತದೆ ಎಂಬುದು ಇದರಿಂದ ಹೊರಡುವ ಅರ್ಥ.

ಕಾನೂನಿನ ಯಶಸ್ಸೇ ಅದಕ್ಕೆ ತೊಡಕಾಯಿತು. 2008ರ ಹೊತ್ತಿಗೆ ಮೊದಲ ವರ್ಷಕ್ಕೆ ಸೇರಿದ ಟೆಕ್ಸಾಸ್ ವಿದ್ಯಾರ್ಥಿಗಳಲ್ಲಿ ಐವರಲ್ಲಿ ನಾಲ್ವರು ಇದೇ ದಾರಿಯಿಂದ ಬಂದವರು. ಆಯ್ಕೆಯ ಸ್ವಾತಂತ್ರ್ಯವೇ ಉಳಿಯದು ಎಂದು ವಿಶ್ವವಿದ್ಯಾಲಯ ಮೊರೆಯಿಟ್ಟಿತು. 2009ರ ತಿದ್ದುಪಡಿ ಆಸ್ಟಿನ್‌ಗೆ ಮಾತ್ರ ವಿನಾಯಿತಿ ನೀಡಿ, ರಾಜ್ಯದ ವಿದ್ಯಾರ್ಥಿಗಳಿಗೆ ಮೀಸಲಾದ ಸೀಟುಗಳಲ್ಲಿ ಶೇ. 75ನ್ನು ಈ ಕಾನೂನಿನಡಿ ತುಂಬಿದರೆ ಸಾಕೆಂದಿತು. ಅರ್ಜಿ ಹೆಚ್ಚಿದಂತೆ ಶೇಕಡಾವಾರು ಇಳಿಯಲೇಬೇಕು. 2011ರಿಂದ ಒಂಬತ್ತು, ಎಂಟು, ಏಳರ ನಡುವೆ ಹೊಯ್ದಾಡಿದ ಅಂಕಿ 2019ರಲ್ಲಿ ಆರಕ್ಕೆ ಬಂದು ನಿಂತಿತ್ತು. ಈ ನಡುವೆ ವರ್ಣಾಧಾರಿತ ಪರಿಗಣನೆಯ ಪರವಾಗಿ 2016ರಲ್ಲಿ ಫಿಶರ್ ಪ್ರಕರಣದಲ್ಲಿ ಇದೇ ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತ್ತಾದರೂ, 2023ರಲ್ಲಿ ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದ ತೀರ್ಪು ದೇಶದಾದ್ಯಂತ ಆ ಪದ್ಧತಿಗೆ ತೆರೆ ಎಳೆಯಿತು. ಹಾಗಾಗಿ ವೈವಿಧ್ಯಕ್ಕೆ ಉಳಿದಿರುವ ಮುಖ್ಯ ಸಾಧನ ಮತ್ತೆ ಶೇಕಡಾವಾರು ಕಾನೂನೇ. ಅದೇ ಈಗ ಕಿರಿದಾಗುತ್ತಿದೆ.

ಬಾಗಿಲು ದಾಟಿದ ಮೇಲೆ

ಐದರೊಳಗೆ ಬಂದ ವಿದ್ಯಾರ್ಥಿಗೂ ಖಚಿತವಾಗಿರುವುದು ವಿಶ್ವವಿದ್ಯಾಲಯ ಮಾತ್ರ, ಬಯಸಿದ ವಿಷಯವಲ್ಲ. ಕಂಪ್ಯೂಟರ್ ವಿಜ್ಞಾನ, ಎಂಜಿನಿಯರಿಂಗ್, ವಾಣಿಜ್ಯ ಆಡಳಿತದಂಥ ವಿಭಾಗಗಳಿಗೆ ಪ್ರತ್ಯೇಕ ಪರಿಶೀಲನೆಯಿದ್ದು, ಅಲ್ಲಿ ಶಾಲೆಯ ಸ್ಥಾನದ ಜೊತೆಗೆ ಪ್ರಬಂಧ, ಚಟುವಟಿಕೆ, ಪರೀಕ್ಷೆಯ ಅಂಕ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕೊರೊನಾ ಕಾಲದಲ್ಲಿ ಕೈಬಿಟ್ಟಿದ್ದ ಎಸ್‌ಎಟಿ ಅಥವಾ ಎಸಿಟಿ ಪರೀಕ್ಷೆಯ ಕಡ್ಡಾಯವನ್ನು 2025ರ ಪ್ರವೇಶದಿಂದ ಮರಳಿ ತರಲಾಗಿದೆ. ಸಣ್ಣ ಊರಿನ ಶಾಲೆಯಲ್ಲಿ ಉನ್ನತ ಗಣಿತದ ಪಾಠವೇ ಇರದಿದ್ದರೆ ಅಲ್ಲಿನ ಮೊದಲಿಗಳು ಎಂಜಿನಿಯರಿಂಗ್ ವಿಭಾಗದ ಹೊಸ್ತಿಲಲ್ಲಿ ನಿಲ್ಲಬೇಕಾಗುತ್ತದೆ. ಕರ್ನಾಟಕದ ಪೋಷಕರಿಗೆ ಇದು ಹೊಸ ಸಂಗತಿಯಲ್ಲ. ಸೀಟು ಸಿಕ್ಕಿತು, ಬ್ರಾಂಚ್ ಸಿಗಲಿಲ್ಲ ಎಂಬ ಮಾತು ಸಿಇಟಿ ಕೌನ್ಸೆಲಿಂಗ್ ಕಂಡ ಪ್ರತಿಯೊಂದು ಮನೆಯಲ್ಲೂ ಕೇಳಿಬಂದಿದೆ.

ಇನ್ನು ವಿದ್ಯಾರ್ಥಿ ಜೀವನ. ಐವತ್ತು ಸಾವಿರಕ್ಕೂ ಮಿಕ್ಕಿದ ವಿದ್ಯಾರ್ಥಿಗಳ ಈ ಕ್ಯಾಂಪಸ್ಸು ಒಂದು ತಾಲ್ಲೂಕು ಕೇಂದ್ರದಷ್ಟು ದೊಡ್ಡದು. ಜೆಸ್ಟರ್ ಎಂಬ ಒಂದೇ ಹಾಸ್ಟೆಲಿನಲ್ಲಿ ಸುಮಾರು ಮೂರು ಸಾವಿರ ಮಂದಿ ವಾಸವಿದ್ದಾರೆ. ಟೆಕ್ಸಾಸ್‌ನ ಎಷ್ಟೋ ಊರುಗಳಲ್ಲಿ ಅಷ್ಟು ಜನಸಂಖ್ಯೆಯೇ ಇಲ್ಲ. ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ ಕ್ರೀಡಾಂಗಣದಲ್ಲಿ ಲಕ್ಷ ಜನ ಸೇರುತ್ತಾರೆ. ಗೆದ್ದ ರಾತ್ರಿ ಕ್ಯಾಂಪಸ್ಸಿನ ಗೋಪುರ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಇದೇ ಗೋಪುರದ ಮೇಲಿಂದ 1966ರ ಆಗಸ್ಟ್ 1ರಂದು ಒಬ್ಬ ವಿದ್ಯಾರ್ಥಿ ಗುಂಡಿನ ಮಳೆಗರೆದಿದ್ದ. ಸರಿಯಾಗಿ ಐವತ್ತು ವರ್ಷಗಳ ನಂತರ, 2016ರ ಅದೇ ದಿನ, ಪರವಾನಗಿ ಪಡೆದವರು ತರಗತಿಗೂ ಪಿಸ್ತೂಲು ಬಚ್ಚಿಟ್ಟು ಒಯ್ಯಬಹುದೆಂಬ ರಾಜ್ಯದ ಕಾನೂನು ಜಾರಿಗೆ ಬಂದಿತು. ದಿನಾಂಕದ ಈ ಆಯ್ಕೆಯನ್ನು ಕಾಕತಾಳೀಯವೆಂದು ಎಷ್ಟೇ ಸಮರ್ಥಿಸಿದರೂ ಅದು ಅಲ್ಲಿನ ಅನೇಕರ ಮನಸ್ಸಿಗೆ ಚುಚ್ಚಿದ್ದು ನಿಜ.

ಈ ಗಾತ್ರವೇ ಹೊಸಬರನ್ನು ಮೊದಲು ಕಂಗೆಡಿಸುತ್ತದೆ. ಇನ್ನೂರು-ಮುನ್ನೂರು ಮಕ್ಕಳ ಶಾಲೆಯಲ್ಲಿ ಎಲ್ಲ ಶಿಕ್ಷಕರಿಗೂ ಹೆಸರು ಗೊತ್ತಿದ್ದ ವಿದ್ಯಾರ್ಥಿ ಐನೂರು ಜನರ ರಸಾಯನಶಾಸ್ತ್ರದ ಉಪನ್ಯಾಸದಲ್ಲಿ ಹಿಂದಿನ ಸಾಲಿನ ಒಂದು ತಲೆಯಷ್ಟೇ ಆಗುತ್ತಾನೆ. ಮೊದಲ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಸಿರಿವಂತ ಬಡಾವಣೆಯ ಮಗು ಪಾಠ ಕಷ್ಟವೆಂದು ತಿಳಿದು ಟ್ಯೂಷನ್ ಹುಡುಕುತ್ತದೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವನು ಇದು ತನ್ನ ಜಾಗವಲ್ಲವೇನೋ ಎಂದುಕೊಳ್ಳುತ್ತಾನೆ.

ಇದನ್ನು ಮೊದಲು ಗಂಭೀರವಾಗಿ ಗಮನಿಸಿದವರಲ್ಲಿ ಒಬ್ಬರು ರಸಾಯನಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಲಾಡೆ. ತಮ್ಮ ತರಗತಿಯಲ್ಲಿ ಅನುತ್ತೀರ್ಣರಾಗುತ್ತಿದ್ದವರ ಹಿನ್ನೆಲೆ ತೆಗೆದು ನೋಡಿದಾಗ ಅವರಿಗೆ ಕಂಡದ್ದು ಬಡ ಕುಟುಂಬ, ಓದದ ತಂದೆತಾಯಿ, ಹಿಂದುಳಿದ ಶಾಲೆ. 1999ರಲ್ಲಿ ಅವರು ಇಂಥ ಸುಮಾರು ಐವತ್ತು ವಿದ್ಯಾರ್ಥಿಗಳನ್ನು ಪ್ರತ್ಯೇಕ ತರಗತಿಗೆ ಸೇರಿಸಿದರು. ಪಾಠವನ್ನು ಸುಲಭಗೊಳಿಸಲಿಲ್ಲ ಎಂಬುದೇ ಇಲ್ಲಿ ಗಮನಾರ್ಹ. ಅದೇ ಪಠ್ಯ, ಅದೇ ಪರೀಕ್ಷೆ. ಜೊತೆಗೆ ಹೆಚ್ಚುವರಿ ಗಂಟೆಗಳ ಪಾಠ, ಮಾರ್ಗದರ್ಶಕರು, ಹಿರಿಯ ವಿದ್ಯಾರ್ಥಿಗಳ ಒಡನಾಟ. ಪ್ರವೇಶ ಪರೀಕ್ಷೆಯಲ್ಲಿ ಬಹಳ ಹಿಂದಿದ್ದ ಆ ಗುಂಪು ವರ್ಷಾಂತ್ಯಕ್ಕೆ ಐನೂರರ ದೊಡ್ಡ ತರಗತಿಯಷ್ಟೇ ಅಂಕ ಗಳಿಸಿತು.

ಈ ಪ್ರಯೋಗ ಒಂದು ತರಗತಿಗೆ ಮುಗಿಯಲಿಲ್ಲ. ನಾಲ್ಕೇ ವರ್ಷದಲ್ಲಿ ಪದವಿ ಮುಗಿಸುವವರ ಪ್ರಮಾಣ ಆಗ ಶೇ. 52ರ ಆಸುಪಾಸಿನಲ್ಲಿತ್ತು. ರಾಜ್ಯದ ಅತ್ಯುತ್ತಮ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುವ ಸಂಸ್ಥೆಗೆ ಇದು ಮುಜುಗರದ ಸಂಗತಿ. 2012ರಲ್ಲಿ ಲಾಡೆ ಅವರಿಗೇ ಅದನ್ನು ಶೇ. 70ಕ್ಕೆ ಏರಿಸುವ ಹೊಣೆ ವಹಿಸಲಾಯಿತು. ಅದೇ ಬೇಸಿಗೆಯಲ್ಲಿ ಮನೋವಿಜ್ಞಾನಿ ಡೇವಿಡ್ ಯೇಗರ್, ಹೊಸದಾಗಿ ಸೇರುವ ಏಳು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಅರ್ಧ ಗಂಟೆಯ ಒಂದು ಗಣಕ ಪಾಠ ನೀಡುವ ಪ್ರಯೋಗ ನಡೆಸಿದರು. ಮೊದಲ ತಿಂಗಳ ಒಂಟಿತನ ಎಲ್ಲರಿಗೂ ಇರುತ್ತದೆ, ಅದು ಕಳೆಯುತ್ತದೆ, ಬುದ್ಧಿ ಬೆಳೆಯುವಂಥದು ಎಂಬುದನ್ನು ಹಿರಿಯ ವಿದ್ಯಾರ್ಥಿಗಳ ಮಾತಿನಲ್ಲಿ ಓದಿಸುವುದಷ್ಟೇ ಅದರ ತಿರುಳು. ಹಿಂದುಳಿದ ಹಿನ್ನೆಲೆಯವರಲ್ಲಿ ಮೊದಲ ಸೆಮಿಸ್ಟರ್‌ನಲ್ಲಿ ಪೂರ್ಣ ಪಾಠಗಳನ್ನು ಮುಗಿಸಿದವರ ಪ್ರಮಾಣ ಶೇ. 82ರಿಂದ 86ಕ್ಕೆ ಏರಿತು. ಅನುಕೂಲಸ್ಥರಲ್ಲಿ ಅದು ಶೇ. 90 ಇತ್ತು. ಅಂದರೆ ಅಂತರದ ಅರ್ಧದಷ್ಟು ಅಳಿಯಿತು. 2013ರಿಂದ ಪ್ರತಿ ವರ್ಷ ಐನೂರು ಬಡ ವಿದ್ಯಾರ್ಥಿಗಳಿಗೆ ವಾರ್ಷಿಕ 5,000 ಡಾಲರ್ ವಿದ್ಯಾರ್ಥಿವೇತನದೊಂದಿಗೆ ನಾಯಕತ್ವ ತರಬೇತಿ ಆರಂಭವಾಯಿತು. 2018ರ ಹೊತ್ತಿಗೆ ನಾಲ್ಕು ವರ್ಷದ ಪದವಿ ಪ್ರಮಾಣ ಶೇ. 70ರ ಅಂಚು ತಲುಪಿತು. ಒಂದು ದೊಡ್ಡ ಸರ್ಕಾರಿ ಸಂಸ್ಥೆ ಆರೇ ವರ್ಷದಲ್ಲಿ ಇಷ್ಟು ಬದಲಾದ ಉದಾಹರಣೆಗಳು ವಿರಳ.

ಹಣದ ವಿಷಯದಲ್ಲೂ ವಿಶ್ವವಿದ್ಯಾಲಯ ಕೈ ಹಿಡಿದಿಲ್ಲ ಎನ್ನಬೇಕು. ಶುಲ್ಕ ನಿಗದಿಯ ಅಧಿಕಾರವನ್ನು ಶಾಸನಸಭೆ 2003ರಲ್ಲಿ ವಿಶ್ವವಿದ್ಯಾಲಯಗಳಿಗೇ ಬಿಟ್ಟುಕೊಟ್ಟ ಬಳಿಕ ಶುಲ್ಕ ಏರುತ್ತಲೇ ಬಂದಿತ್ತು. ಆದರೆ 65 ಸಾವಿರ ಡಾಲರಿನವರೆಗೆ ವಾರ್ಷಿಕ ಆದಾಯವಿರುವ ರಾಜ್ಯದ ಕುಟುಂಬಗಳ ಮಕ್ಕಳ ಬೋಧನಾ ಶುಲ್ಕವನ್ನು 2020ರಿಂದ ಪೂರ್ತಿ ಭರಿಸಲಾಯಿತು. 2025ರ ಶರತ್ಕಾಲದಿಂದ ಆ ಮಿತಿ ಒಂದು ಲಕ್ಷ ಡಾಲರ್. ಇದಕ್ಕೆ ಒದಗಿದ್ದು ಮತ್ತೆ ಪಶ್ಚಿಮದ ಎಣ್ಣೆಯ ನಿಧಿಯೇ. ಮನೆಬಾಡಿಗೆ ಮತ್ತು ಊಟದ ಖರ್ಚು ಮಾತ್ರ ಇದರಲ್ಲಿ ಬರುವುದಿಲ್ಲ. ಆಸ್ಟಿನ್ ತಂತ್ರಜ್ಞಾನದ ನಗರವಾಗಿ ಬೆಳೆದ ಮೇಲೆ ಕ್ಯಾಂಪಸ್ಸಿನ ಪಶ್ಚಿಮಕ್ಕಿರುವ ವಿದ್ಯಾರ್ಥಿ ಕೇರಿಯ ಬಾಡಿಗೆ ಬೋಧನಾ ಶುಲ್ಕವನ್ನೇ ಮೀರಿಸುವಂತಾಗಿದೆ.

ಕಳಚುತ್ತಿರುವ ಆಸರೆ

ಇಷ್ಟೆಲ್ಲ ಕಟ್ಟಿದ ಮೇಲೆ ಗಾಳಿ ಬೇರೆ ದಿಕ್ಕಿಗೆ ಬೀಸತೊಡಗಿದೆ. ವೈವಿಧ್ಯ ಮತ್ತು ಸಮಾನತೆಯ ಹೆಸರಿನ ಕಚೇರಿಗಳನ್ನು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಿಷೇಧಿಸುವ ಕಾನೂನನ್ನು ಟೆಕ್ಸಾಸ್ 2023ರಲ್ಲಿ ಅಂಗೀಕರಿಸಿತು. 2024ರ ಜನವರಿಯಿಂದ ಅದು ಜಾರಿಯಾದಾಗ ಆಸ್ಟಿನ್‌ನ ಬಹುಸಂಸ್ಕೃತಿ ಕೇಂದ್ರ ಬಾಗಿಲು ಮುಚ್ಚಿತು. ದಾಖಲೆಯಿಲ್ಲದ ವಲಸೆ ಕುಟುಂಬಗಳ ವಿದ್ಯಾರ್ಥಿಗಳಿಗೆ ನೆರವಾಗುತ್ತಿದ್ದ 'ಮೊನಾರ್ಕ್' ಕಾರ್ಯಕ್ರಮವೂ ನಿಂತಿತು. ಅದೇ ಏಪ್ರಿಲ್‌ನಲ್ಲಿ ಇಡೀ ಒಂದು ವಿಭಾಗವನ್ನೇ ವಿಸರ್ಜಿಸಿದ್ದರಿಂದ ಸುಮಾರು ಅರವತ್ತು ಮಂದಿ ಕೆಲಸ ಕಳೆದುಕೊಂಡರು. ಹೊಸ ಕಾನೂನಿಗೆ ತಕ್ಕಂತೆ ಹೆಸರು ಮತ್ತು ಸ್ವರೂಪ ಬದಲಿಸಿಕೊಂಡಿದ್ದವರೂ ಉಳಿಯಲಿಲ್ಲ ಎಂಬುದು ಸಿಬ್ಬಂದಿಯ ಅಸಮಾಧಾನಕ್ಕೆ ಕಾರಣವಾಯಿತು. ಇಂಥ ಕಚೇರಿಗಳು ವಿದ್ಯಾರ್ಥಿಗಳನ್ನು ಗುಂಪುಗಳಾಗಿ ಒಡೆಯುತ್ತಿದ್ದವು ಎಂಬ ಶಾಸಕರ ಆಕ್ಷೇಪದಲ್ಲಿ ಚರ್ಚಿಸಬೇಕಾದ ಅಂಶವಿರಬಹುದು. ಆದರೆ ಐವತ್ತು ಸಾವಿರ ಜನರ ನಡುವೆ ದಾರಿ ತಪ್ಪಿದ ಹದಿನೆಂಟರ ಹುಡುಗಿಗೆ ಬೇಕಾಗಿದ್ದುದು ಸಿದ್ಧಾಂತವಲ್ಲ, ಕೂತು ಮಾತಾಡಲು ಒಂದು ಕೋಣೆ. ಆ ಕೋಣೆ ಮುಚ್ಚಿದವರು ಅದರ ಬದಲಿಗೆ ಇನ್ನೊಂದನ್ನು ತೆರೆದಿದ್ದರೆ ಈ ಮಾತಿಗೆ ಅವಕಾಶವೇ ಇರುತ್ತಿರಲಿಲ್ಲ.

ಇದಕ್ಕಿಂತ ಕಠೋರವಾದುದು 2025ರ ಜೂನ್‌ನ ಬೆಳವಣಿಗೆ. ದಾಖಲೆಯಿಲ್ಲದಿದ್ದರೂ ಟೆಕ್ಸಾಸ್‌ನಲ್ಲೇ ಬೆಳೆದು ಅಲ್ಲಿಯೇ ಹೈಸ್ಕೂಲು ಮುಗಿಸಿದ ಮಕ್ಕಳಿಗೆ ರಾಜ್ಯದವರ ಶುಲ್ಕವನ್ನೇ ವಿಧಿಸಬೇಕೆಂದು 2001ರಲ್ಲಿ ರಿಪಬ್ಲಿಕನ್ ರಾಜ್ಯಪಾಲ ರಿಕ್ ಪೆರ್ರಿ ಅವರ ಕಾಲದಲ್ಲಿ ಕಾನೂನಾಗಿತ್ತು. ಕೇಂದ್ರ ಸರ್ಕಾರ ಅದರ ವಿರುದ್ಧ ದಾವೆ ಹೂಡಿದ ದಿನವೇ ರಾಜ್ಯ ಸರ್ಕಾರ ಒಪ್ಪಿಗೆ ಸೂಚಿಸಿ, ನ್ಯಾಯಾಲಯ ಕಾನೂನನ್ನು ರದ್ದುಗೊಳಿಸಿತು. ಗಡಿ ಕಣಿವೆಯ ಶಾಲೆಯಲ್ಲಿ ಮೊದಲ ಸ್ಥಾನ ಪಡೆದ ಇಂಥ ವಿದ್ಯಾರ್ಥಿಗೆ ಶೇಕಡಾವಾರು ಕಾನೂನು ಸೀಟು ಕೊಡಬಹುದು. ಶುಲ್ಕ ಮಾತ್ರ ವರ್ಷಕ್ಕೆ ಹನ್ನೆರಡು ಸಾವಿರ ಡಾಲರಿನ ಆಸುಪಾಸಿನಿಂದ ನಲವತ್ತು ಸಾವಿರಕ್ಕೂ ಮೇಲೆ ಜಿಗಿಯುತ್ತದೆ. ಕೂಲಿ ಮಾಡುವ ತಂದೆತಾಯಿಗೆ ಅದು ಸೀಟು ನಿರಾಕರಿಸಿದಂತೆಯೇ.

ಆಡಳಿತದ ಸ್ವರೂಪವೂ ಬದಲಾಗಿದೆ. 2025ರ ಇನ್ನೊಂದು ಕಾನೂನು, ರಾಜ್ಯಪಾಲರು ನೇಮಿಸುವ ಆಡಳಿತ ಮಂಡಳಿಗೆ ಪಠ್ಯಕ್ರಮದ ಮೇಲೆ ಹೆಚ್ಚಿನ ಹಿಡಿತ ನೀಡಿ, ಅಧ್ಯಾಪಕರ ಚುನಾಯಿತ ಪರಿಷತ್ತುಗಳ ಬಲ ಕುಗ್ಗಿಸಿತು. ಪ್ರತಿಭಟನೆಯ ಹಕ್ಕಿನ ಕಥೆ ಇನ್ನೂ ವಿಚಿತ್ರ. ಕ್ಯಾಂಪಸ್ಸಿನ ಬಯಲು ಎಲ್ಲರ ಅಭಿವ್ಯಕ್ತಿಗೂ ಮುಕ್ತ ಎಂದು 2019ರಲ್ಲಿ ಕಾನೂನು ಮಾಡಿದ ಶಾಸನಸಭೆಯೇ, 2024ರ ಏಪ್ರಿಲ್‌ನಲ್ಲಿ ಗಾಜಾ ಯುದ್ಧದ ವಿರುದ್ಧ ವಿದ್ಯಾರ್ಥಿಗಳು ನೆರೆದ ಬಳಿಕ ಮನಸ್ಸು ಬದಲಿಸಿತು. ಏಪ್ರಿಲ್ 24ರಂದು ರಾಜ್ಯ ಪೊಲೀಸರು ಕ್ಯಾಂಪಸ್ಸಿಗೆ ನುಗ್ಗಿ 57 ಮಂದಿಯನ್ನು ಬಂಧಿಸಿದ್ದರು. ಸಾಕಷ್ಟು ಆಧಾರವಿಲ್ಲವೆಂದು ಕೆಲವೇ ದಿನಗಳಲ್ಲಿ ಆ ಮೊಕದ್ದಮೆಗಳು ಬಿದ್ದುಹೋದವು. 2025ರಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಎಂಟರವರೆಗೆ ಕ್ಯಾಂಪಸ್ಸಿನಲ್ಲಿ ಅಭಿಪ್ರಾಯ ವ್ಯಕ್ತಪಡಿಸುವ ಯಾವುದೇ ಚಟುವಟಿಕೆ ಕೂಡದೆಂಬ ಕಾನೂನು ಬಂದಿತು. ಅಕ್ಷರಶಃ ಓದಿದರೆ ರಾತ್ರಿ ಹನ್ನೊಂದಕ್ಕೆ ವಿದ್ಯಾರ್ಥಿ ಪತ್ರಿಕೆಯ ಲೇಖನ ಬರೆಯುವುದೂ ಅಪರಾಧವಾದೀತು. ಅಕ್ಟೋಬರ್‌ನಲ್ಲಿ ಕೇಂದ್ರ ನ್ಯಾಯಾಧೀಶ ಡೇವಿಡ್ ಎಜ್ರಾ ಇದಕ್ಕೆ ತಾತ್ಕಾಲಿಕ ತಡೆ ನೀಡಿದರು.

ಶೇಕಡಾವಾರು ಐದಕ್ಕಿಳಿದುದಕ್ಕೆ ಪ್ರವೇಶ ವಿಭಾಗದ ಅಧಿಕಾರಿಗಳನ್ನು ದೂರಿ ಫಲವಿಲ್ಲ. ಟೆಕ್ಸಾಸ್‌ನ ಜನಸಂಖ್ಯೆ ಬೆಳೆದಿದೆ, ಸೀಟುಗಳು ಆ ವೇಗದಲ್ಲಿ ಬೆಳೆದಿಲ್ಲ. ಆರರಿಂದ ಹತ್ತರೊಳಗಿನವರು ಎ ಆಂಡ್ ಎಂ ಸೇರಿದಂತೆ ರಾಜ್ಯದ ಇತರ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಈಗಲೂ ಹಕ್ಕಿನ ಪ್ರವೇಶ ಪಡೆಯಬಹುದು. ಒಂದು ವರ್ಷ ಇನ್ನೊಂದು ಶಾಖೆಯಲ್ಲಿ ಓದಿ ಆಸ್ಟಿನ್‌ಗೆ ವರ್ಗವಾಗುವ ದಾರಿಯೂ ಉಂಟು. ಹಾಗಾಗಿ ಬೀದಿಗೆ ಬಿದ್ದವರು ಯಾರೂ ಇಲ್ಲ ಎಂಬ ಸಮಜಾಯಿಷಿಯಲ್ಲಿ ಸತ್ಯಾಂಶವಿದೆ. ಆದರೆ ಬಡಾವಣೆಯ ಶಾಲೆಯ ಮಗುವಿಗೆ ಉಳಿದ ಶೇ. 25ರ ಪಾಲಿನಲ್ಲಿ ಪ್ರಬಂಧ ಬರೆದು, ಸಲಹೆಗಾರರನ್ನು ಗೊತ್ತುಮಾಡಿಕೊಂಡು ಒಳಬರಲು ಇನ್ನೊಂದು ಬಾಗಿಲಿದೆ. ಆರನೆಯ ಶತಾಂಶದಲ್ಲಿ ನಿಂತ ಸಣ್ಣ ಊರಿನ ಮಗುವಿಗೆ ಆ ಬಾಗಿಲಿನ ವಿಳಾಸವೇ ತಿಳಿದಿರುವುದಿಲ್ಲ. 1997ರಲ್ಲಿ ಈ ಕಾನೂನಿಗೆ ಮತ ಹಾಕಿದ ಗ್ರಾಮೀಣ ಶಾಸಕರು ಸರಿಪಡಿಸಹೊರಟಿದ್ದುದು ಇದನ್ನೇ.

ಲಾಡೆ ಅವರ ಐವತ್ತು ಮಂದಿಯ ತರಗತಿ ತೋರಿಸಿಕೊಟ್ಟಂತೆ, ಒಳಗೆ ಬಂದವರನ್ನು ಗೆಲ್ಲಿಸುವ ವಿದ್ಯೆ ಈ ವಿಶ್ವವಿದ್ಯಾಲಯಕ್ಕೆ ತಿಳಿದಿದೆ. ಅದಕ್ಕೆ ತಗಲುವ ಹಣವೂ ಅದರ ಬಳಿ ಇದೆ. ಶೇ. 75ರ ಮಿತಿಯನ್ನು ಬದಲಿಸುವ ಅಧಿಕಾರ ಮಾತ್ರ ಶಾಸನಸಭೆಯದು. ಎರಡು ವರ್ಷಕ್ಕೊಮ್ಮೆ ಸೇರುವ ಆ ಸಭೆಯ ಮುಂದಿನ ನಿಯತ ಅಧಿವೇಶನ 2027ರ ಜನವರಿಯಲ್ಲಿ. ಮುಂದಿನ ಪ್ರವೇಶಗಳ ಶೇಕಡಾವಾರನ್ನು ವಿಶ್ವವಿದ್ಯಾಲಯವು ಪ್ರತಿ ವರ್ಷ ಸೆಪ್ಟೆಂಬರ್‌ನೊಳಗೆ ಶಾಲೆಗಳಿಗೆ ತಿಳಿಸಬೇಕು.